ಲಾಕ್ ಫೈಲ್‌ನಲ್ಲಿರುವ ಹೆಸರುಗಳು

ಬೀದರ್‌ನಲ್ಲಿ ಕೋಡಿಂಗ್ ಮಾಡುವ ಗೆಳೆಯರ ಗುಂಪಿನ ಮುಂದೆ ಆಡಿದ ಮಾತಿನ ಬರಹ ರೂಪ

ಜನವರಿ ತಿಂಗಳಲ್ಲಿ ಕಲಬುರಗಿಯ ಗಂಜ್ ನೋಡಿದ್ದೀರಲ್ಲ? ತೊಗರಿ ರಾಶಿ ಮುಗಿದಿರುತ್ತದೆ. ಬೆಳಕು ಹರಿಯುವ ಮೊದಲೇ ಟ್ರ್ಯಾಕ್ಟರ್‌ಗಳು ಸಾಲುಗಟ್ಟಿರುತ್ತವೆ. ಹಮಾಲರಿಗೆ ಬೆನ್ನು ನೆಟ್ಟಗೆ ಮಾಡಲೂ ಪುರುಸೊತ್ತು ಇರುವುದಿಲ್ಲ. ಕೆಲವು ವರ್ಷಗಳ ಹಿಂದೆ ಅಂಥದ್ದೇ ಒಂದು ದಿನ ಅಲ್ಲಿನ ಒಂದು ಅಡತಿ ಅಂಗಡಿಯಿಂದ ನನಗೆ ಫೋನ್ ಬಂತು. ಅವರಿಗೆ ತೂಕದ ಚೀಟಿ ಮುದ್ರಿಸುವ ಸಣ್ಣ ಪ್ರೋಗ್ರಾಂ ಬರೆದುಕೊಟ್ಟವನು ನಾನು. ರೈತನ ಹೆಸರು, ಊರು, ಚೀಲ ಎಷ್ಟು, ತೂಕ ಎಷ್ಟು, ದರ ಎಷ್ಟು, ಕೊನೆಗೆ ಮೊತ್ತ. ಎಲ್ಲವೂ ಕನ್ನಡದಲ್ಲಿ.

"ಸಾಹೇಬ್ರ, ಚೀಟಿ ಮ್ಯಾಲ ಅಕ್ಷರ ಒಡದು ಬರ್ಲಿಕತ್ತಾವ" ಅಂದರು.

ಹೋಗಿ ನೋಡಿದೆ. 'ಮೊತ್ತ' ಅಂತ ಇರಬೇಕಾದ ಕಡೆ 'ಮೊತ್‌ತ' ಅಂತ ಬಂದಿತ್ತು. ಒತ್ತಕ್ಷರ ಕೆಳಗೆ ಇಳಿಯದೆ ಪಕ್ಕದಲ್ಲೇ ನಿಂತಿತ್ತು. ಒಬ್ಬ ಹಿರಿಯರು ಒಂದು ಕೈಯಲ್ಲಿ ಹಿಂದಿನ ದಿನದ ಚೀಟಿ, ಇನ್ನೊಂದು ಕೈಯಲ್ಲಿ ಅವತ್ತಿನ ಚೀಟಿ ಹಿಡಿದು ನಿಂತಿದ್ದರು. "ನಿನ್ನಿ ಚೀಟಿ ಹಿಂಗ ಇದ್ದಿಲ್ಲ. ಇದು ಖರೇ ಚೀಟಿ ಹೌದೋ ಅಲ್ಲೋ?" ಅಂತ ಕೇಳಿದರು. ಅವರ ಅನುಮಾನದಲ್ಲಿ ತಪ್ಪೇನೂ ಇರಲಿಲ್ಲ. ವರ್ಷದ ದುಡಿಮೆಯೆಲ್ಲ ಆ ಒಂದು ಕಾಗದದ ಮೇಲಿತ್ತು. ಅವರ ಎದುರು ಕೂತು ಕೈಯಲ್ಲಿ ಚೀಟಿ ಬರೆದುಕೊಟ್ಟೆವು. ಸಂಜೆಯವರೆಗೆ ಎಲ್ಲರಿಗೂ ಹಾಗೆಯೇ ಬರೆದುಕೊಟ್ಟೆವು.

ಆಗಿದ್ದು ಇಷ್ಟೇ. ಹಳೆಯ ಕಂಪ್ಯೂಟರಿನ ಡಿಸ್ಕ್ ಹೋಗಿತ್ತು. ಅಂಗಡಿಯ ಹುಡುಗ ಹೊಸ ಕಂಪ್ಯೂಟರ್ ತಂದು, ನಾನು ಬರೆದುಕೊಟ್ಟಿದ್ದ ಹಂತಗಳನ್ನು ಒಂದೂ ಬಿಡದೆ ಮಾಡಿದ್ದ. ನನ್ನ ಕೋಡ್‌ನಲ್ಲಿ 8 ತಿಂಗಳಿಂದ ಒಂದು ಸಾಲೂ ಬದಲಾಗಿರಲಿಲ್ಲ. ಬದಲಾಗಿದ್ದು ನಾನು ಬರೆಯದ ಕೋಡ್, ಬೇರೆಯವರು ಬರೆದು ಎಲ್ಲರ ಬಳಕೆಗೆ ಬಿಟ್ಟಿರುವ ಪ್ಯಾಕೇಜ್‌ಗಳು. ಪಿಡಿಎಫ್ ಮಾಡುವ ಪ್ಯಾಕೇಜ್ ಒಳಗೆ ಇನ್ನೊಂದು ಪ್ಯಾಕೇಜ್, ಅದರ ಒಳಗೆ ಮತ್ತೊಂದು. ಆ ಮೂರನೆಯದಕ್ಕೆ ಹೊಸ ಆವೃತ್ತಿ ಬಂದಿತ್ತು. ಹಳೆಯ ಕಂಪ್ಯೂಟರಿನಲ್ಲಿ ಹಳೆಯದೇ ಇತ್ತು, ಹೊಸದಕ್ಕೆ ಹೊಸದು ಇಳಿದಿತ್ತು. ಯಾವ ಪ್ಯಾಕೇಜಿನ ಯಾವ ಆವೃತ್ತಿ ಇಳಿಯಬೇಕು ಅಂತ ಬರೆದಿಟ್ಟು ಇದನ್ನು ತಡೆಯಲೆಂದೇ ಲಾಕ್ ಫೈಲ್ ಇರುತ್ತದೆ. ಕೋಡಿನ ಬದಲಾವಣೆಗಳನ್ನು ಕಾಪಾಡುವ ಗಿಟ್‌ಗೆ ಆ ಫೈಲನ್ನು ಬಿಟ್ಟುಬಿಡು ಅಂತ ಹೇಳುವ ಗಿಟ್ ಇಗ್ನೋರ್ ಪಟ್ಟಿಗೆ ನಾನು ಹಾಕಿಟ್ಟಿದ್ದೆ. ಸಾವಿರಾರು ಸಾಲಿನ ಕಸ, ಸುಮ್ನೆ ಯಾಕೆ ಅಂದುಕೊಂಡಿದ್ದೆ.

ಅವತ್ತು ರಾತ್ರಿ ಆ ಫೋಲ್ಡರ್ ತೆರೆದು ಕೂತೆ. ನನ್ನ ಪಟ್ಟಿಯಲ್ಲಿ ನಾನು ಬರೆದಿದ್ದ ಪ್ಯಾಕೇಜ್‌ಗಳು 9. ಒಳಗೆ ಬಂದು ಕೂತಿದ್ದವು 400ಕ್ಕೂ ಜಾಸ್ತಿ. ಒಂದೊಂದಕ್ಕೂ ಒಬ್ಬ ಲೇಖಕ. ಒಬ್ಬರನ್ನೂ ನಾನು ನೋಡಿಲ್ಲ, ಮಾತಾಡಿಸಿಲ್ಲ. ಗಂಜ್‌ನಲ್ಲಿ ಯಾರ ಅಂಗಡಿಗೆ ಮಾಲು ಹಾಕಬೇಕು ಅಂತ ರೈತರು ಎಷ್ಟು ವಿಚಾರಿಸುತ್ತಾರೆ ನೋಡಿ. ಅಪ್ಪನ ಕಾಲದಿಂದ ಯಾರ ಕೂಡ ವ್ಯವಹಾರ ಇದೆ, ದುಡ್ಡು ಎಷ್ಟು ದಿನಕ್ಕೆ ಕೊಡುತ್ತಾರೆ, ಎಲ್ಲ ಕೇಳುತ್ತಾರೆ. ನಾನು 400 ಜನರ ಕೂಡ ವ್ಯವಹಾರಕ್ಕೆ ಇಳಿದಿದ್ದೆ. ಒಬ್ಬರ ಹೆಸರೂ ಗೊತ್ತಿರಲಿಲ್ಲ. ಇವತ್ತು ನಿಮ್ಮ ಮುಂದೆ ಹೇಳಬೇಕೆಂದು ಬಂದಿರುವ ಮಾತು ಇದೇ. ಪ್ಯಾಕೇಜ್ ಇನ್‌ಸ್ಟಾಲ್ ಮಾಡಿದಿರಿ ಎಂದರೆ ಒಬ್ಬ ಮನುಷ್ಯನ ಜೊತೆ ವ್ಯವಹಾರ ಶುರು ಮಾಡಿದಿರಿ.

ಆ ಒಡೆದ ಅಕ್ಷರದ ವಿಷಯ ಇನ್ನೂ ಸ್ವಲ್ಪ ಹೇಳಬೇಕು. ಕನ್ನಡದ ಒತ್ತಕ್ಷರ ಸರಿಯಾದ ಜಾಗಕ್ಕೆ ಹೋಗಿ ಕೂರುವುದು ತಾನಾಗಿ ಆಗುವ ಕೆಲಸ ಅಲ್ಲ. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಅದು ತ, ಆಮೇಲೆ ವಿರಾಮದ ಗುರುತು, ಆಮೇಲೆ ಮತ್ತೊಂದು ತ. ಈ ಮೂರನ್ನು ಜೋಡಿಸಿ ಕಣ್ಣಿಗೆ 'ತ್ತ' ಅಂತ ತೋರಿಸಲು ಬೇರೆಯೇ ಒಂದು ಕೋಡ್ ಬೇಕು. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್, ಇವೆಲ್ಲದರ ಒಳಗೆ ಆ ಕೆಲಸ ಮಾಡುವುದು ಹಾರ್ಫ್‌ಬಝ್ ಎಂಬ ಒಂದೇ ಲೈಬ್ರರಿ, ಅಂದರೆ ಬೇರೆ ಪ್ರೋಗ್ರಾಂಗಳು ಕರೆದು ಬಳಸುವ ಕೋಡ್. ಬೆಹದಾದ್ ಎಸ್ಫಹಬೋದ್ ಎಂಬ ಇರಾನ್ ಮೂಲದ ಪ್ರೋಗ್ರಾಮರ್ ಮುಂದೆ ನಿಂತು ಕಟ್ಟಿದ್ದು, ಆಮೇಲೆ ಬಹಳ ಜನ ಕೈಜೋಡಿಸಿದ್ದು. ಅದರ ಹೆಸರು ಪರ್ಷಿಯನ್ ಭಾಷೆಯದು. ಬೀದರ್‌ನವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ದಖನಿ ಮಾತಾಡುವ ಮನೆಗಳಲ್ಲಿ ಅಕ್ಷರಕ್ಕೆ ಹರ್ಫ್ ಅಂತಲೇ ಅನ್ನುತ್ತಾರೆ. ಬಾಝ್ ಎಂದರೆ ತೆರೆದದ್ದು. ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿ ಅಮ್ಮ ಕಳಿಸುವ ಕನ್ನಡ ಮೆಸೇಜಿನ ಒತ್ತಕ್ಷರ ನೆಟ್ಟಗೆ ಕಾಣುವುದು ಆ ಲೈಬ್ರರಿಯಿಂದ. ಅದನ್ನು ತಿಳಿದ ದಿನ ನನಗೆ ನಿಜವಾಗಿ ಕೃತಜ್ಞತೆ ಅನ್ನಿಸಿತು. ಅಲ್ಲಿಯವರೆಗೆ ಅಂಥದ್ದೊಂದು ಇದೆ ಎಂದೇ ಗೊತ್ತಿರಲಿಲ್ಲ.

ನಿಮ್ಮಲ್ಲಿ ಹಲವರು ಲೆಫ್ಟ್-ಪ್ಯಾಡ್ ಕಥೆ ಕೇಳಿರುತ್ತೀರಿ. ಬೇಗ ಹೇಳಿ ಮುಂದೆ ಹೋಗುತ್ತೇನೆ. 2016ರ ಮಾರ್ಚ್. ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳು ಸಿಗುವ ಉಗ್ರಾಣ ಎನ್‌ಪಿಎಂನಲ್ಲಿ ಆ ಹೆಸರಿನ, 11 ಸಾಲಿನ ಒಂದು ಪ್ಯಾಕೇಜ್ ಇತ್ತು. ಪದದ ಎಡಕ್ಕೆ ಖಾಲಿ ಜಾಗ ತುಂಬುವುದಷ್ಟೇ ಅದರ ಕೆಲಸ. ಅದನ್ನು ಬರೆದವರು ಅಜೆರ್ ಕೋಚುಲು. ಅವರ ಇನ್ನೊಂದು ಪ್ಯಾಕೇಜಿನ ಹೆಸರಿನ ಬಗ್ಗೆ ಕಿಕ್ ಎಂಬ ಕಂಪನಿಯ ಜೊತೆ ತಕರಾರು ಆಯಿತು. ಎನ್‌ಪಿಎಂ ಆ ಹೆಸರನ್ನು ಕಂಪನಿಗೆ ಕೊಟ್ಟಿತು. ಬೇಸರವಾಗಿ ಅವರು ತಮ್ಮ 270ಕ್ಕೂ ಹೆಚ್ಚು ಪ್ಯಾಕೇಜ್‌ಗಳನ್ನೆಲ್ಲ ತೆಗೆದುಹಾಕಿದರು. ಹೊಸ ಜಾವಾಸ್ಕ್ರಿಪ್ಟನ್ನು ಹಳೆಯ ಬ್ರೌಸರ್‌ಗಳಿಗೆ ಒಗ್ಗಿಸುವ ಬೇಬೆಲ್ ಲೆಫ್ಟ್-ಪ್ಯಾಡ್ ಮೇಲೆ ನಿಂತಿತ್ತು. ಬೇಬೆಲ್ ಮೇಲೆ ಜಗತ್ತಿನ ಎಷ್ಟೋ ವೆಬ್‌ಸೈಟ್ ನಿಂತಿದ್ದವು. ಎಲ್ಲ ಕಡೆ ಬಿಲ್ಡ್, ಅಂದರೆ ಕೋಡನ್ನು ಓಡಲು ಸಿದ್ಧ ಮಾಡುವ ಕೆಲಸ, ನಿಂತುಹೋಯಿತು. ಕೆಲವು ಗಂಟೆಗಳಲ್ಲಿ ಎನ್‌ಪಿಎಂನವರೇ ಅದನ್ನು ವಾಪಸ್ ಹಾಕಿದರು, ಆಮೇಲೆ ನಿಯಮ ಬಿಗಿ ಮಾಡಿದರು. ಈಗ 72 ಗಂಟೆ ದಾಟಿದ ಮೇಲೆ, ಬೇರೆಯವರು ನೆಚ್ಚಿಕೊಂಡಿರುವ ಪ್ಯಾಕೇಜನ್ನು ಮನಸ್ಸಿಗೆ ಬಂದಂತೆ ತೆಗೆಯಲು ಬರುವುದಿಲ್ಲ.

ಇದನ್ನು ಕೇಳಿದವರು "11 ಸಾಲಿಗೆ ಇನ್ನೊಬ್ಬರ ಪ್ಯಾಕೇಜ್ ಯಾಕೆ ಬೇಕಿತ್ತು?" ಅನ್ನುತ್ತಾರೆ. ನಾನು ಇನ್ನೊಂದು ಪ್ರಶ್ನೆ ಕೇಳುತ್ತೇನೆ. ಆ 11 ಸಾಲು ಕನ್ನಡಕ್ಕೆ ಸರಿ ಇತ್ತಾ? 2017ರಲ್ಲಿ ಜಾವಾಸ್ಕ್ರಿಪ್ಟ್ ಭಾಷೆಗೇ ಅದೇ ಕೆಲಸ ಮಾಡುವ ಪ್ಯಾಡ್‌ಸ್ಟಾರ್ಟ್ ಎಂಬ ಫಂಕ್ಷನ್ ಬಂತು. ಆ ಚೀಟಿಯಲ್ಲಿ ಊರಿನ ಹೆಸರುಗಳನ್ನು ಸಾಲಾಗಿ ನಿಲ್ಲಿಸಲು ನಾನು ಅದನ್ನು ಬಳಸಿದ್ದೆ. 'ಕಲಬುರಗಿ' ಕಣ್ಣಿಗೆ 5 ಅಕ್ಷರ. ಕಂಪ್ಯೂಟರಿಗೆ ಕ, ಲ, ಬ, ಉಕಾರ, ರ, ಗ, ಇಕಾರ, ಒಟ್ಟು 7. 'ಯಾದಗಿರಿ' 4 ಅಕ್ಷರ, ಕಂಪ್ಯೂಟರಿಗೆ ಅದೂ 7. 'ಬೀದರ್' 3 ಅಕ್ಷರ, ಅದಕ್ಕೆ 5. ಮೂರೂ ಊರು ಮೂರು ಕಡೆ ನಿಂತವು. ಪ್ಯಾಕೇಜ್ ಬರೆದವರಿಗೆ ನಮ್ಮ ಲಿಪಿಯ ಅಂದಾಜು ಇರಬೇಕು ಅಂತ ನಾವು ಹಟ ಹಿಡಿಯಲು ಬರುವುದಿಲ್ಲ. ಪರೀಕ್ಷೆ ಮಾಡಿ ನೋಡಬೇಕಾದವರು ನಾವು. ತಪ್ಪಿದ್ದರೆ ಅವರಿಗೆ ಬರೆದು ತಿಳಿಸಬೇಕಾದವರೂ ನಾವೇ.

ಇವತ್ತು ಬೆಳಿಗ್ಗೆ ಇಲ್ಲಿಗೆ ಬರುವ ಮೊದಲು ನೌಬಾದ್ ಕಡೆ ಹೋಗಿದ್ದೆ, ಕರೇಜ್ ನೋಡಲು. ನಿಮ್ಮೂರಿನದ್ದು, ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಬಹಮನಿ ಕಾಲದಲ್ಲಿ, 15ನೇ ಶತಮಾನದಲ್ಲಿ, ಇರಾನ್ ಕಡೆಯ ವಿದ್ಯೆ ಬಲ್ಲವರು ಕಟ್ಟಿದ ಸುರಂಗದ ನೀರು. ಒಂದು ಕಡೆ ತಾಯಿಬಾವಿ. ಅಲ್ಲಿಂದ ನೆಲದ ಕೆಳಗೆ ಸಣ್ಣ ಇಳಿಜಾರಿನಲ್ಲಿ ಕಾಲುವೆ. ಮೇಲೆ ನಿಂತರೆ ನೀರು ಕಾಣುವುದಿಲ್ಲ, ಒಂದರ ಹಿಂದೆ ಒಂದು ಬಾವಿಯಂಥ ಬಾಯಿಗಳು ಕಾಣುತ್ತವೆ. ಆ ಬಾಯಿಗಳು ನೀರು ಸೇದಲಷ್ಟೇ ಇದ್ದವಲ್ಲ. ಗಾಳಿಗೆ ಬೇಕು, ಬೆಳಕಿಗೆ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಮನುಷ್ಯ ಒಳಗೆ ಇಳಿದು ಹೂಳು ತೆಗೆಯಲು ಬೇಕು. ಕಟ್ಟಿದವರು ಮೊದಲ ದಿನವೇ ಹೂಳೆತ್ತುವವನಿಗೆ ದಾರಿ ಬಿಟ್ಟಿದ್ದರು. ಆಮೇಲಿನ ಕಾಲದಲ್ಲಿ ಎಷ್ಟೋ ಬಾಯಿಗಳು ಮಣ್ಣು, ಕಸದಲ್ಲಿ ಮುಚ್ಚಿಹೋದವು. ಬಾಯಿ ಮುಚ್ಚಿದರೆ ಕೆಳಗೆ ಎಲ್ಲಿ ಕಟ್ಟಿಕೊಂಡಿದೆ ಅಂತ ಮೇಲಿನವರಿಗೆ ತಿಳಿಯುವುದೇ ಇಲ್ಲ.

ಅಲ್ಲಿ ನಿಂತಾಗ ನೆನಪಾಗಿದ್ದು ಎಕ್ಸ್‌ಝಡ್. ಫೈಲುಗಳನ್ನು ಒತ್ತಿ ಚಿಕ್ಕದು ಮಾಡುವ ಲೈಬ್ರರಿ ಅದು. ಹೆಚ್ಚುಕಡಿಮೆ ಎಲ್ಲ ಲಿನಕ್ಸ್‌ಗಳಲ್ಲೂ ಇದೆ. ವರ್ಷಗಟ್ಟಲೆ ಅದನ್ನು ನೋಡಿಕೊಂಡವರು ಲಾಸ್ಸೆ ಕಾಲಿನ್ ಎಂಬ ಫಿನ್‌ಲೆಂಡಿನ ಒಬ್ಬರೇ ಒಬ್ಬರು. ಸಂಬಳ ಇಲ್ಲ. 2022ರಲ್ಲಿ ಅವರು ತಮ್ಮ ಮನಸ್ಸಿನ ಆರೋಗ್ಯ ಸರಿ ಇಲ್ಲ, ಇದು ದುಡ್ಡಿಲ್ಲದೆ ಹವ್ಯಾಸಕ್ಕೆ ಮಾಡುವ ಕೆಲಸ ಅಂತ ಎಲ್ಲರಿಗೂ ಕಾಣುವಂತೆ ಬರೆದಿದ್ದರು. ಆ ಹೊತ್ತಿಗೆ "ಅಪ್‌ಡೇಟ್ ಯಾಕೆ ಬರ್ತಿಲ್ಲ" ಅಂತ ಒತ್ತಾಯ ಮಾಡುವವರು ಬಂದರು. ಜಿಯಾ ಟ್ಯಾನ್ ಎಂಬ ಹೆಸರಿನವರು ನೆರವಿಗೆ ಬಂದರು. ಎರಡು ವರ್ಷಕ್ಕೂ ಮೇಲೆ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿದರು. 2024ರಲ್ಲಿ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲು ಇಟ್ಟರು. ಗುರಿ ಇದ್ದದ್ದು ಎಸ್‌ಎಸ್‌ಎಚ್ ಮೇಲೆ, ಅಂದರೆ ದೂರದ ಸರ್ವರ್‌ಗೆ ನಾವು ಲಾಗಿನ್ ಆಗುವ ದಾರಿ. ತಮಾಷೆ ಮಾತಲ್ಲ ಇದು. ಆ ಲಾಗಿನ್ ಮಾಡಿಸುವ ಪ್ರೋಗ್ರಾಂ ಓಪನ್‌ಎಸ್‌ಎಸ್‌ಎಚ್ ಎಕ್ಸ್‌ಝಡ್ ಅನ್ನು ಬಳಸುವುದೇ ಇಲ್ಲ! ಕೆಲವು ಲಿನಕ್ಸ್‌ಗಳು ಅದಕ್ಕೆ ಹಿನ್ನೆಲೆಯ ಸೇವೆಗಳನ್ನು ನಡೆಸುವ ಸಿಸ್ಟಂಡಿಯ ಲೈಬ್ರರಿಯನ್ನು ಅಂಟಿಸಿದ್ದವು, ಆ ಲೈಬ್ರರಿ ಎಕ್ಸ್‌ಝಡ್ ಅನ್ನು ಎಳೆದುಕೊಂಡು ಬರುತ್ತಿತ್ತು. ಬೀಗ ಮಾಡಿದವನಿಗೇ ಗೊತ್ತಿಲ್ಲದ ಹಿಂಬಾಗಿಲು.

ಕಂಡುಹಿಡಿದವರು ಆಂಡ್ರೆಸ್ ಫ್ರಾಯಿಂಡ್. ಪೋಸ್ಟ್‌ಗ್ರೆಸ್ ಡೇಟಾಬೇಸ್ ಕೆಲಸ ಮಾಡುವವರು. ತಮ್ಮ ಮೆಷಿನ್‌ನಲ್ಲಿ ಲಾಗಿನ್ ಅರ್ಧ ಸೆಕೆಂಡ್ ತಡ ಆಗುತ್ತಿದೆ ಅನ್ನಿಸಿತು ಅವರಿಗೆ. ಅರ್ಧ ಸೆಕೆಂಡ್. ನಾನಾಗಿದ್ದರೆ ನೆಟ್ ಸ್ಲೋ ಇದೆ ಅಂದುಕೊಂಡು ಬಿಡುತ್ತಿದ್ದೆ, ನೀವೂ ಅಷ್ಟೇ ಅಲ್ವಾ? ಅವರು ಬಿಡಲಿಲ್ಲ. ಬೆನ್ನು ಹತ್ತಿದರು. ಮಾರ್ಚ್ 29ರಂದು ಎಲ್ಲರಿಗೂ ತಿಳಿಸಿದರು. ಲಿನಕ್ಸ್‌ಗಳ ಹೆಚ್ಚಿನ ಸ್ಥಿರ ಆವೃತ್ತಿಗಳಿಗೆ ಅದು ಇಳಿಯುವ ಮೊದಲೇ ಸಿಕ್ಕಿಬಿತ್ತು.

ಜನ ಈ ಕಥೆಯಲ್ಲಿ ಕಳ್ಳನ ಬಗ್ಗೆ ಜಾಸ್ತಿ ಮಾತಾಡುತ್ತಾರೆ. ನನಗೆ ಮರೆಯಲಾಗದಿರುವುದು 2022ರಲ್ಲಿ ದಣಿದು ಬರೆದ ಆ ಮನುಷ್ಯ. ಜಗತ್ತೇ ಕುಡಿಯುವ ನೀರು. ಸುರಂಗದೊಳಗೆ ಹೂಳೆತ್ತುತ್ತಿದ್ದವನು ಒಬ್ಬ. ಸುಸ್ತಾಯಿತು ಅಂತ ಕೂಗಿ ಹೇಳಿದ. ಇಳಿದು ಬಂದವನು ಒಬ್ಬನೇ, ಅವನೇ ವಿಷ ಹಾಕುವವನು.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ನೀವು ಇಲ್ಲಿ ನಾಲ್ಕಾರು ಗೆಳೆಯರು ಸೇರಿ ಮಾಡಿರುವ ಪ್ಯಾಕೇಜ್ ನೋಡಿದೆ. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ತಾಲ್ಲೂಕಿನ ಹೆಸರುಗಳು, ಕನ್ನಡ ಅಂಕಿ, ಮೊತ್ತವನ್ನು ಅಕ್ಷರದಲ್ಲಿ ಬರೆಯುವ ಫಂಕ್ಷನ್. ಬಹಳ ಖುಷಿಯಾಯಿತು. ನನ್ನ ಅಡತಿ ಅಂಗಡಿಗೆ ಆಗ ಇದು ಸಿಕ್ಕಿದ್ದರೆ ತಿಂಗಳ ಕೆಲಸ ಉಳಿಯುತ್ತಿತ್ತು. ಕಾಲೇಜಿನ ಪ್ರಾಜೆಕ್ಟ್‌ಗಳಲ್ಲಿ ಬಳಸುತ್ತಿದ್ದಾರೆ, ಒಂದೆರಡು ಅಂಗಡಿಗಳಲ್ಲೂ ಬಳಸುತ್ತಿದ್ದಾರೆ ಅಂತ ಹೇಳಿದಿರಿ. ಹಾಗಿದ್ದ ಮೇಲೆ ಆವೃತ್ತಿ ಸಂಖ್ಯೆಯನ್ನು ಮನಸ್ಸಿಗೆ ಬಂದ ಹಾಗೆ ಏರಿಸುವಂತಿಲ್ಲ. ನೀವು 0.3ರಿಂದ ನೇರ 1.7ಕ್ಕೆ ಹೋಗಿದ್ದೀರಿ. ಯಾಕೆ ಅಂತ ಎಲ್ಲೂ ಬರೆದಿಲ್ಲ.

ಆವೃತ್ತಿಗೆ ಸಂಖ್ಯೆ ಕೊಡುವ ಸೆಮ್‌ವರ್ ಎಂಬ ಪದ್ಧತಿ ನಿಮಗೆ ಗೊತ್ತು. ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್ ಕಟ್ಟಿದವರಲ್ಲಿ ಒಬ್ಬರಾದ ಟಾಮ್ ಪ್ರೆಸ್ಟನ್-ವರ್ನರ್ ಬರೆದಿಟ್ಟದ್ದು. ಮೂರು ಅಂಕಿ. ತಪ್ಪು ತಿದ್ದಿದರೆ ಮೂರನೆಯದು ಏರುತ್ತದೆ. ಹೊಸದು ಸೇರಿದರೆ, ಹಳೆಯದು ಕೆಡದಿದ್ದರೆ, ಎರಡನೆಯದು. ಹಳೆಯದನ್ನು ಬಳಸುವವರ ಕೋಡ್ ಮುರಿಯುವ ಹಾಗಿದ್ದರೆ ಮೊದಲನೆಯದು. ಕೇಳಲು ಸುಲಭ. ನಮ್ಮ ಜಿಲ್ಲೆಗಳಿಗೆ ಹಚ್ಚಿ ನೋಡಿ.

ಬೀದರ್ ಜಿಲ್ಲೆಯಲ್ಲಿ ಮೊದಲು 5 ತಾಲ್ಲೂಕು. ಆಮೇಲೆ ಹುಲಸೂರು, ಚಿಟಗುಪ್ಪ, ಕಮಲನಗರ ಸೇರಿ 8 ಆದವು. ಪಟ್ಟಿಗೆ ಮೂರು ಹೆಸರು ಸೇರಿಸುತ್ತೀರಿ. ಹಳೆಯ 5 ಹಾಗೇ ಇವೆ. ಎರಡನೆಯ ಅಂಕಿ ಏರಿಸಿದರೆ ಸಾಕು ಅನ್ನಿಸುತ್ತದೆ, ಅಲ್ವಾ? ಆದರೆ ಯಾರೋ ಒಬ್ಬರು ಪಟ್ಟಿಯಲ್ಲಿ 5ನೆಯ ಜಾಗದಲ್ಲಿ ಹುಮನಾಬಾದ್ ಇರುತ್ತದೆ ಅಂತ ನಂಬಿ ಕೋಡ್ ಬರೆದಿದ್ದಾರೆ. ನೀವು ಅಕಾರಾದಿಯಲ್ಲಿ ಜೋಡಿಸಿದಿರಿ. ಅವರ ಪ್ರೋಗ್ರಾಂ ಹುಮನಾಬಾದಿನ ರೈತರ ಲೆಕ್ಕವನ್ನು ಬೇರೆ ತಾಲ್ಲೂಕಿಗೆ ಹಾಕುತ್ತದೆ. ಎರರ್ ಕೂಡ ಬರುವುದಿಲ್ಲ. ಅದು ಇನ್ನೂ ಕೆಟ್ಟದ್ದು.

ಇನ್ನೊಂದು ನೋಡಿ. 2014ರ ನವೆಂಬರ್ 1ರಂದು ಗುಲ್ಬರ್ಗಾ ಹೋಗಿ ಕಲಬುರಗಿ ಆಯಿತು. ನಿಮ್ಮ ಹಳೆಯ ಫಂಕ್ಷನ್ 'ಗುಲ್ಬರ್ಗಾ' ಅಂತ ಕೊಡುತ್ತಿತ್ತು, ಹೊಸದು 'ಕಲಬುರಗಿ' ಕೊಡುತ್ತದೆ ಅಂದುಕೊಳ್ಳಿ. ಇದು ತಪ್ಪು ತಿದ್ದಿದ್ದಾ? ಊರಿನವರನ್ನು ಕೇಳಿದರೆ ಹೌದು, ಎಷ್ಟೋ ವರ್ಷದ ತಪ್ಪು ತಿದ್ದಿದ್ದು ಅನ್ನುತ್ತಾರೆ. ನಾವು ಮೊದಲಿನಿಂದಲೂ ಕಲಬುರಗಿ ಅಂತಲೇ ಅನ್ನುತ್ತಿದ್ದೆವು. ಕೋಡ್‌ಗೆ ಮಾತ್ರ ಅದು ಮುರಿಯುವ ಬದಲಾವಣೆ. ಹಳೆಯ ಡೇಟಾಬೇಸ್‌ನಲ್ಲಿ ಸಾವಿರಾರು ಸಾಲುಗಳು ಗುಲ್ಬರ್ಗಾ ಹೆಸರಿನಲ್ಲಿವೆ. ಹೋಲಿಸಿದರೆ ಒಂದೂ ಹೊಂದುವುದಿಲ್ಲ. ಹಾಗಾಗಿ ಮೊದಲನೆಯ ಅಂಕಿ ಏರಬೇಕು, ಹಳೆಯ ಹೆಸರನ್ನು ಕೊಟ್ಟರೂ ಗುರುತಿಸುವ ವ್ಯವಸ್ಥೆ ಇರಬೇಕು, ಬದಲಾವಣೆಯ ಟಿಪ್ಪಣಿಯಲ್ಲಿ ಅದನ್ನು ಕನ್ನಡದಲ್ಲಿ ಬರೆದಿರಬೇಕು. ಕೇಂದ್ರ ಸರ್ಕಾರದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯಲ್ಲಿ ಪ್ರತಿ ಜಿಲ್ಲೆ, ತಾಲ್ಲೂಕು, ಹಳ್ಳಿಗೆ ಒಂದು ಸಂಖ್ಯೆ ಇದೆ. ಹೆಸರಿನ ಬದಲು ಆ ಸಂಖ್ಯೆಯನ್ನು ಹಿಡಿದುಕೊಳ್ಳಿ. ಹೈದರಾಬಾದ್ ಕರ್ನಾಟಕ 2019ರಲ್ಲಿ ಕಲ್ಯಾಣ ಕರ್ನಾಟಕ ಆಯಿತು. ನಮ್ಮ ಕಡೆ ಹೆಸರು ಬದಲಾಗುವುದು ಅಪರೂಪವೇನಲ್ಲ.

ಮೂರನೆಯದು ನಿಮ್ಮೂರಿನ ಹೆಸರಲ್ಲೇ ಇದೆ. 'ಬೀದರ್' ಅಂತ ಬರೆಯುವಾಗ ಬೀ ಎಂಬುದನ್ನು ಎರಡು ರೀತಿ ಬರೆಯಬಹುದು. ಬ ಪಕ್ಕ ಗುಡಿಸಿನ ದೀರ್ಘ, ಒಂದೇ ಗುರುತು. ಇಲ್ಲವೇ ಬ, ಗುಡಿಸು, ಆಮೇಲೆ ಬೇರೆಯಾಗಿ ದೀರ್ಘದ ಗುರುತು. ಕಣ್ಣಿಗೆ ಎರಡೂ ಒಂದೇ. ಯೂನಿಕೋಡ್ ಪ್ರಕಾರವೂ ಎರಡೂ ಸಮ. ಸುಮ್ನೆ ಹೋಲಿಸಿ ನೋಡುವ ಪ್ರೋಗ್ರಾಮಿಗೆ ಮಾತ್ರ ಬೇರೆ ಬೇರೆ ಊರು. ನಿಮ್ಮ ಪ್ಯಾಕೇಜಿನಲ್ಲಿ ಒಬ್ಬರು ಹೀಗೆ, ಇನ್ನೊಬ್ಬರು ಹಾಗೆ ಬರೆದಿದ್ದೀರಿ, ನಿನ್ನೆ ರಾತ್ರಿ ನೋಡಿದೆ. ನಾರ್ಮಲೈಸ್ ಮಾಡಿ ಒಂದೇ ರೂಪಕ್ಕೆ ತನ್ನಿ. ಅದಕ್ಕೊಂದು ಟೆಸ್ಟ್ ಬರೆಯಿರಿ.

ಲಾಕ್ ಫೈಲ್ ಬಗ್ಗೆ ನನ್ನ ಕಥೆಯಲ್ಲೇ ಹೇಳಿಯಾಯಿತು. ಗಿಟ್‌ಗೆ ಹಾಕಿ. ಅಂಗಡಿಯ ಮೆಷಿನ್‌ನಲ್ಲಿ ಎನ್‌ಪಿಎಂ ಇನ್‌ಸ್ಟಾಲ್ ಬೇಡ, ಎನ್‌ಪಿಎಂ ಸಿಐ ಕೊಡಿ. ಅದು ಲಾಕ್‌ನಲ್ಲಿ ಬರೆದದ್ದನ್ನೇ ಇಳಿಸುತ್ತದೆ, ಪಟ್ಟಿಗೂ ಲಾಕ್‌ಗೂ ಹೊಂದದಿದ್ದರೆ ನಿಂತುಬಿಡುತ್ತದೆ. ಪೈಥಾನ್ ಬಳಸುವವರು ರಿಕ್ವೈರ್‌ಮೆಂಟ್ಸ್ ಫೈಲ್‌ನಲ್ಲಿ ಬರೀ ಹೆಸರು ಬರೆದು ಬಿಡಬೇಡಿ, ಆವೃತ್ತಿ ಸಂಖ್ಯೆಯನ್ನೂ ಬರೆಯಿರಿ. ಹಾಗಂತ ಬೀಗ ಹಾಕಿ ಮರೆತುಬಿಟ್ಟರೂ ಕಷ್ಟ. 2021ರ ಡಿಸೆಂಬರ್‌ನಲ್ಲಿ, ಜಾವಾ ಪ್ರೋಗ್ರಾಂಗಳು ನಡೆದದ್ದನ್ನು ದಾಖಲಿಸಲು ಬಳಸುವ ಲಾಗ್‌ಫೋರ್‌ಜೆಯಲ್ಲಿ ದೊಡ್ಡ ತೂತು ಸಿಕ್ಕಾಗ, ಅದು ತಮ್ಮ ಪ್ರೋಗ್ರಾಂ ಒಳಗೆ ಇದೆಯೋ ಇಲ್ಲವೋ ಅಂತ ಹುಡುಕುವುದರಲ್ಲೇ ದೊಡ್ಡ ದೊಡ್ಡ ಕಂಪನಿಗಳು ದಿನಗಟ್ಟಲೆ ಕಳೆದವು. ತಿಂಗಳಿಗೊಮ್ಮೆ ಲಾಕ್ ಬಿಚ್ಚಿ, ಹೊಸದು ತಂದು, ಚೀಟಿ ಮುದ್ರಿಸಿ, ಕಣ್ಣಿನಿಂದ ನೋಡಿ, ಮತ್ತೆ ಹಾಕಿ. ನಾನು 'ಮೊತ್ತ' ಎಂಬ ಪದದ ಚಿತ್ರವನ್ನೇ ಟೆಸ್ಟ್‌ನಲ್ಲಿ ಇಟ್ಟಿದ್ದೇನೆ. ಹೊಸ ಚೀಟಿಯ ಜೊತೆ ಅದನ್ನು ಹೋಲಿಸುತ್ತದೆ.

ಲ್ಯಾಬ್ ನೋಡಿಕೊಳ್ಳುವವರು ಕೆಲವರು ಬಂದಿದ್ದೀರಿ. 60 ಹುಡುಗರು ಒಂದೇ ಹೊತ್ತಿಗೆ ಇನ್‌ಸ್ಟಾಲ್ ಕೊಟ್ಟರೆ ನೆಟ್ ಕೂತುಬಿಡುತ್ತದೆ. ಪೈಥಾನ್ ಆದರೆ ಪಿಪ್ ಡೌನ್‌ಲೋಡ್ ಕೊಟ್ಟು ಬೇಕಾದ್ದನ್ನೆಲ್ಲ ಒಂದು ಫೋಲ್ಡರಿಗೆ ಒಮ್ಮೆ ಇಳಿಸಿಟ್ಟುಕೊಳ್ಳಿ, ಪೆನ್‌ಡ್ರೈವ್‌ನಲ್ಲಿ ಹಂಚಿ, ಆ ಫೋಲ್ಡರಿನಿಂದಲೇ ಇನ್‌ಸ್ಟಾಲ್ ಮಾಡಿಸಿ. ಎನ್‌ಪಿಎಂಗೆ ವರ್ಡಾಚಿಯೋ ಇದೆ. ಲ್ಯಾಬಿನ ಒಂದು ಹಳೆಯ ಕಂಪ್ಯೂಟರಿನಲ್ಲಿ ಅದನ್ನು ಓಡಿಸಿದರೆ ಒಮ್ಮೆ ಇಳಿದದ್ದು ಅಲ್ಲೇ ಉಳಿಯುತ್ತದೆ. ಲಾಕ್ ಫೈಲೂ ಇದ್ದರೆ ಎಲ್ಲರಿಗೂ ಒಂದೇ ಆವೃತ್ತಿ ಸಿಗುತ್ತದೆ.

ಒಂದು ಎಚ್ಚರಿಕೆ. ಈಗ ಎಲ್ಲರೂ ಎಐ ಕೇಳಿ ಕೋಡ್ ಬರೆಯುತ್ತೀರಿ. ಕನ್ನಡಕ್ಕೆ ಯಾವ ಪ್ಯಾಕೇಜ್ ಇದೆ ಅಂತ ಕೇಳಿದರೆ ಕೆಲವು ಸಲ ಇಲ್ಲದ ಹೆಸರನ್ನು ಇದ್ದ ಹಾಗೆ ಹೇಳುತ್ತದೆ. ಕೆಟ್ಟವರು ಅಂಥ ಹೆಸರುಗಳನ್ನು ಮೊದಲೇ ಹಿಡಿದು, ಒಳಗೆ ಬೇಡದ್ದನ್ನು ತುಂಬಿ ಇಡಬಹುದು. ಇನ್‌ಸ್ಟಾಲ್ ಕೊಡುವ ಮೊದಲು ಎರಡು ನಿಮಿಷ ಆ ಪುಟಕ್ಕೆ ಹೋಗಿ. ಯಾರು ಬರೆದಿದ್ದಾರೆ, ಕೊನೆಯ ಸಲ ಯಾವಾಗ ಮುಟ್ಟಿದ್ದಾರೆ, ಯಾರಾದರೂ ತೊಂದರೆ ಹೇಳಿದರೆ ಉತ್ತರ ಕೊಡುತ್ತಾರಾ, ನೋಡಿ.

ನಿಮ್ಮ ಪ್ಯಾಕೇಜ್ ಪ್ರಕಟಿಸುವ ಕೀಲಿ ಈಗ ಒಬ್ಬರ ಹತ್ತಿರ ಮಾತ್ರ ಇದೆ. ಅವರಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ, ಮುಂದಿನ ತಿಂಗಳು ಹೋಗುತ್ತಾರೆ ಅಂತ ಹೇಳಿದರು. ಇವತ್ತೇ ಇನ್ನಿಬ್ಬರಿಗೆ ಆ ಹಕ್ಕು ಕೊಡಿ. ಎರಡು ಹಂತದ ಲಾಗಿನ್ ಮೂವರೂ ಹಾಕಿಕೊಳ್ಳಿ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದದೆ ಹೊಸ ಆವೃತ್ತಿ ಹೊರಗೆ ಹೋಗಬಾರದು. ಕೆಲಸ ಜಾಸ್ತಿಯಾದರೆ ಜಾಸ್ತಿಯಾಯಿತು ಅಂತ ಬಾಯಿಬಿಟ್ಟು ಹೇಳಿ. ಬಳಸುವ ಅಂಗಡಿಯವರಿಗೂ ಹೇಳಿ. ಅವರು ಕೋಡ್ ಬರೆಯದಿದ್ದರೂ ಹೆಸರುಗಳ ಕಾಗುಣಿತ ನೋಡಿಕೊಡಬಲ್ಲರು.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಕೇಳಿದರು: "ಸರ್, ನಮ್ಮ ಪಟ್ಟಿಯಲ್ಲಿ ಔರಾದ್ ಅಂತ ಇದೆ. ನಮ್ಮ ಅಜ್ಜಿ ಊರು ಅದು. ಅಲ್ಲಿ ಬೋರ್ಡ್ ಮೇಲೆ ಔರಾದ ಅಂತ ಇರುತ್ತದೆ. ಯಾವುದು ಇಡಬೇಕು?" ಎರಡನ್ನೂ ಇಡಿ ಅಂದೆ. ಒಂದು ಮುಖ್ಯ ಹೆಸರು, ಇನ್ನೊಂದು ಗುರುತಿಸುವ ಹೆಸರು. ಸುರಪುರ, ಶೋರಾಪುರಕ್ಕೂ ಹಾಗೆಯೇ. ಯಾವುದು ಮುಖ್ಯ ಅಂತ ತೀರ್ಮಾನಿಸುವವರು ಆ ಊರಿನವರಾದರೆ ಒಳ್ಳೆಯದು. ಅಲ್ಲೇ ಲ್ಯಾಪ್‌ಟಾಪ್ ತೆರೆದು ಅದನ್ನು ಇಶ್ಯೂ ಆಗಿ, ಅಂದರೆ ಮಾಡಬೇಕಾದ ಕೆಲಸದ ಟಿಪ್ಪಣಿಯಾಗಿ ಬರೆದೆವು. 2.0.0ಕ್ಕೆ ಸೇರುವ ಮೊದಲ ಸಾಲು ಅದು. ಔರಾದಿನ ಹೆಸರನ್ನು ಆ ಹುಡುಗಿಯೇ ನೋಡಿಕೊಳ್ಳುತ್ತಾರೆ, ಪ್ರಕಟಿಸುವ ಕೀಲಿಯೂ ಈಗ ಅವರ ಹತ್ತಿರ ಒಂದಿದೆ.